ಮೈಕ್ ಸರಿಸುವ ಮುಂಚೆ ಕುರ್ಚಿ ಸರಿಸಿ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಅಡಿಕೆ ತೋಟ ಇದೆ. ಮದುವೆ ಸೀಸನ್‌ನಲ್ಲಿ ಸ್ಯಾಕ್ಸೊಫೋನ್ ನುಡಿಸಲು ಹೋಗುತ್ತೇನೆ. ಎರಡು ವರ್ಷದಿಂದ ಭಾನುವಾರ ನಮ್ಮ ಅಡಿಕೆ ಸುಲಿಯುವ ಶೆಡ್ಡಿನಲ್ಲಿ ಊದುವವರೇ ಸೇರುತ್ತಿದ್ದೇವೆ. ಒಟ್ಟು 14 ಜನ. ಆದರೆ ಯಾವ ವಾರವೂ ಎಲ್ಲರೂ ಬರುವುದಿಲ್ಲ. ಒಮ್ಮೆ ಐದು ಜನ, ಒಮ್ಮೆ ಒಂಬತ್ತು. ಸ್ಯಾಕ್ಸ್, ಟ್ರಂಪೆಟ್, ಕ್ಲಾರಿನೆಟ್, ನಾಗಸ್ವರ ಇವೆ. ಒಬ್ಬರು ಕೊಂಬು ತರುತ್ತಾರೆ. ರಾಗ, ತಾಳ, ಹಾಡು ಏನನ್ನೂ ಮೊದಲೇ ಗೊತ್ತು ಮಾಡಿಕೊಳ್ಳದೆ ಆ ಹೊತ್ತಿಗೆ ತೋಚಿದ್ದನ್ನು ಊದುತ್ತೇವೆ. ಊದುವಾಗ ಮೈ ಜುಂ ಅನ್ನುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಮಾತ್ರ ಬಸ್‌ಸ್ಟ್ಯಾಂಡಿನ ಹಾರನ್ ಥರ ಇದೆ. ನಮ್ಮ ತಂದೆ ‘ಎಮ್ಮೆ ಕೂಗಿದ ಹಾಗಿದೆ’ ಅಂದರು. ಬೆಂಗಳೂರಿಗೆ ಹೋಗಿ ಸ್ಟುಡಿಯೊದಲ್ಲಿ ಒಬ್ಬೊಬ್ಬರದ್ದೇ ಬೇರೆ ಬೇರೆ ರೆಕಾರ್ಡ್ ಮಾಡಿಸಿ ಅಂತ ಒಬ್ಬರು ಹೇಳುತ್ತಾರೆ. ಒಳ್ಳೆ ಮೈಕ್ ತಗೊಂಡರೆ ಸಾಕು ಅಂತ ಇನ್ನೊಬ್ಬರು. ಎಲ್ಲರೂ ಸೇರಿ ಕೂಡಿಸಿದ 40 ಸಾವಿರ ರೂಪಾಯಿ ಇದೆ. ಒಂದು ಆಲ್ಬಮ್ ಮಾಡುವ ಆಸೆ. ವಾದ್ಯಗಳ ಶ್ರುತಿ ಕೂಡುವುದಿಲ್ಲ. ಮಳೆಗಾಲದಲ್ಲಿ ತಗಡಿನ ಸದ್ದು ಬೇರೆ. ಪ್ರತಿ ವಾರ ಬೇರೆ ಬೇರೆ ಜನ ಇದ್ದರೆ ಅದನ್ನು ಒಂದು ತಂಡ ಅನ್ನಬಹುದಾ? ಹಕ್ಕು ಯಾರದ್ದು? ಕೊಂಬಿನವರನ್ನು ಎಲ್ಲಿ ಕೂರಿಸಬೇಕು?

ಉತ್ತರ: ನೀವು ಕಳಿಸಿದ ಫೋನ್ ರೆಕಾರ್ಡಿಂಗನ್ನು ಮೂರು ಸಲ ಕೇಳಿದೆ. ಮೊದಲ ಸಲ ನಿಮ್ಮ ತಂದೆಯವರ ಮಾತೇ ಸರಿ ಅನ್ನಿಸಿತು. ಎರಡನೇ ಸಲ ಹೆಡ್‌ಫೋನ್ ಹಾಕಿ ಕೇಳಿದೆ. ಮೂರನೇ ಸಲ 11ನೇ ನಿಮಿಷದಲ್ಲಿ ಕೈ ತಡೆಯಿತು. ಅಲ್ಲಿ ಎಲ್ಲರಿಗೂ ದಮ್ಮು ಕಟ್ಟಿ ನಿಲ್ಲಿಸಿದ ಹಾಗಿದೆ. ಕ್ಲಾರಿನೆಟ್ ಒಂದೇ ಉಳಿಯುತ್ತದೆ. ಅದರ ಪಕ್ಕಕ್ಕೆ ಒಂದು ಸ್ಯಾಕ್ಸ್ ಮೆತ್ತಗೆ ಬಂದು ಕೂರುತ್ತದೆ. ಹೆಚ್ಚೆಂದರೆ 40 ಸೆಕೆಂಡು. ಆಮೇಲೆ ಟ್ರಂಪೆಟ್ ನುಗ್ಗುತ್ತದೆ, ಮತ್ತೆ ಅದೇ ಗಲಾಟೆ. ಆ 40 ಸೆಕೆಂಡನ್ನು ನೀವು ಬೇಕು ಅಂತ ಮಾಡಿದ್ದಲ್ಲ. ಆದರೂ ನಿಮ್ಮ ಆಲ್ಬಮ್ ಶುರುವಾಗುವುದು ಅಲ್ಲಿಂದಲೇ.

ನಾನು ಶಿವಮೊಗ್ಗದಲ್ಲಿ 24 ವರ್ಷದಿಂದ ಧ್ವನಿಮುದ್ರಣದ ಕೆಲಸ ಮಾಡುತ್ತಿದ್ದೇನೆ. ಯಕ್ಷಗಾನ, ಭಜನೆ, ನಾಟಕ, ವಾಲಗ, ಎಲ್ಲ ಆಗಿದೆ. ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದೆ, ಕೆಟ್ಟದಾಗಿ. ನೀವು ಕೇಳಿದ್ದು ಏಳೆಂಟು ಪ್ರಶ್ನೆ. ಒಳಗೆ ಇರುವುದು ಒಂದೇ ಅನುಮಾನ: ಶೆಡ್ಡಿನಲ್ಲಿ ನಮಗೆ ಆದದ್ದು ನಿಜವಾ, ಫೋನ್ ಹೇಳಿದ್ದು ನಿಜವಾ? ಫೋನ್ ಅರ್ಧ ಸುಳ್ಳು ಹೇಳಿದೆ. ಉಳಿದ ಅರ್ಧ ನಿಜ.

ಮೊದಲು ಸುಳ್ಳಿನ ಭಾಗ. ಫೋನನ್ನು ತಯಾರಿಸಿರುವುದು ಮಾತಾಡಲು. ಅದರೊಳಗೆ ಒಂದು ಏರ್ಪಾಡು ಇರುತ್ತದೆ. ಸದ್ದು ಜೋರಾದರೆ ತಾನೇ ತಗ್ಗಿಸುತ್ತದೆ, ಸಣ್ಣದಾದರೆ ತಾನೇ ಏರಿಸುತ್ತದೆ. ಮಾತಿಗೆ ಇದು ಒಳ್ಳೆಯದು. ನಿಮಗೆ ಇದು ಶತ್ರು. ಒಂಬತ್ತು ಜನ ಊದಿದಾಗಲೂ ಅಷ್ಟೇ ಎತ್ತರ, ಒಬ್ಬರು ಪಿಸುಗುಟ್ಟಿದಾಗಲೂ ಅಷ್ಟೇ ಎತ್ತರ. ಏರಿಳಿತವೇ ಹೋಯಿತು. ಹಾಡು, ತಾಳ ಇರುವ ಸಂಗೀತದಲ್ಲಿ ಏರಿಳಿತ ಹೋದರೂ ಹಾಡು ಉಳಿಯುತ್ತದೆ. ನಿಮ್ಮದರಲ್ಲಿ ಏರಿಳಿತವೇ ಹಾಡು. ಅದು ಹೋದರೆ ಉಳಿಯುವುದು ಹಾರನ್ ಮಾತ್ರ. ಸಾಲದ್ದಕ್ಕೆ ಟ್ರಂಪೆಟ್ಟಿನ ಬಾಯಿ ಹತ್ತಿರ ಇದ್ದಾಗ ಫೋನಿನ ಮೈಕಿನಲ್ಲಿ ಸದ್ದು ಹರಿದಿದೆ. ಗರಗರ ಅನ್ನುತ್ತದಲ್ಲ, ಅದು. ಹರಿದ ಸದ್ದನ್ನು ಆಮೇಲೆ ಯಾರೂ ಹೊಲಿಯಲಾರರು.

ಎರಡನೆಯದು ಶೆಡ್. ತಗಡಿನ ಮಾಡು, ಸಿಮೆಂಟ್ ನೆಲ, ಮೂರು ಕಡೆ ಗೋಡೆ. ಒಂದು ಸಲ ಊದಿದರೆ ನಾಲ್ಕು ಸಲ ಕೇಳಿಸುತ್ತದೆ. ಕೂತವರಿಗೆ ಎರಡು ಕಿವಿ ಇವೆ, ಮಧ್ಯೆ ತಲೆ ಇದೆ. ಯಾವುದು ವಾದ್ಯ, ಯಾವುದು ಗೋಡೆ ಅಂತ ಅವು ವಿಂಗಡಿಸುತ್ತವೆ. ಫೋನಿಗೆ ಆ ಬುದ್ಧಿ ಇಲ್ಲ. ಅದಕ್ಕೇ ಕೂತಾಗ ಜುಂ, ಕೇಳುವಾಗ ಗಜಿಬಿಜಿ.

ಇನ್ನು ನಿಜದ ಭಾಗ. ಇದು ವಾದ್ಯಗಳದ್ದು, ನಿಮ್ಮದು.

ಆಲ್ಟೊ ಎಂಬ ಬಗೆಯ ಸ್ಯಾಕ್ಸಿನ ಎಲ್ಲಕ್ಕಿಂತ ಕೆಳಗಿನ ಸ್ವರ ಸುಮಾರು 139 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಕ್ಲಾರಿನೆಟ್ಟಿನದು 147. ಟ್ರಂಪೆಟ್ಟಿನದು 165. ಅಂದರೆ ಮೂವರೂ ಹೆಚ್ಚುಕಮ್ಮಿ ಒಂದೇ ಮೆಟ್ಟಿಲಿನಿಂದ ಹತ್ತುತ್ತಾರೆ. ಕೆಳಗೆ ಮೃದಂಗ ಇಲ್ಲ, ಮೇಲೆ ಕಂಚಿನ ತಾಳ ಇಲ್ಲ. ಎಲ್ಲರೂ ಮಧ್ಯದ ಕೋಣೆಯಲ್ಲೇ ಜಮಾಯಿಸಿದ್ದಾರೆ. ನಾಗಸ್ವರದ ಹೊಳಪು ಇರುವುದು ನಮ್ಮ ಕಿವಿ ಅತಿ ಚುರುಕಾಗಿರುವ ಜಾಗದಲ್ಲಿ, 2000 ಹರ್ಟ್ಸಿನ ಮೇಲೆ. ಅದು ಬಂತು ಅಂದರೆ ಕ್ಲಾರಿನೆಟ್ ಊದುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಆಗ ಕ್ಲಾರಿನೆಟ್‌ನವರು ಏನು ಮಾಡುತ್ತಾರೆ? ಜೋರಾಗಿ ಊದುತ್ತಾರೆ. ಅದು ಕೇಳಿ ಸ್ಯಾಕ್ಸ್ ಜೋರಾಗುತ್ತದೆ. ಮದುವೆ ಊಟದ ಹಾಲ್ ನೆನಪು ಮಾಡಿಕೊಳ್ಳಿ. ಮೊದಲ ಪಂಕ್ತಿಯಲ್ಲಿ ಎಲ್ಲರೂ ಮೆತ್ತಗೆ ಮಾತಾಡುತ್ತಿರುತ್ತಾರೆ. ಪಾಯಸ ಬರುವಷ್ಟರಲ್ಲಿ ಪಕ್ಕದವರ ಕಿವಿಗೆ ಬಾಯಿ ಹಾಕಿ ಕಿರುಚಬೇಕಾಗುತ್ತದೆ. ಯಾರೂ ಬೇಕಂತ ಮಾಡುವುದಿಲ್ಲ. ಗದ್ದಲದಲ್ಲಿ ಮನುಷ್ಯ ತನಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ ಎಂದು ಎಟಿಯೆನ್ ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯ ನೂರು ವರ್ಷಕ್ಕೂ ಹಿಂದೆ ತೋರಿಸಿದ್ದರು. ಊದುವವರಿಗೂ ಇದೇ ಆಗುತ್ತದೆ.

ನಿಮ್ಮ ತಂಡಕ್ಕೆ ಇನ್ನೊಂದು ತೊಡಕು ಇದೆ. ಇದನ್ನು ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮಲ್ಲಿ ಹೆಚ್ಚಿನವರು ಊದಲು ಕಲಿತದ್ದು ದಿಬ್ಬಣದಲ್ಲಿ, ಜಾತ್ರೆಯಲ್ಲಿ. ಸಾಗರದ ಮಾರಿಕಾಂಬಾ ಜಾತ್ರೆಯ ಗುಂಪಿನಲ್ಲಿ ಊದಿದವರಿಗೆ ಗೊತ್ತು, ಅಲ್ಲಿ ಮೆತ್ತಗೆ ಊದಿದವನಿಗೆ ಮುಂದಿನ ಸಲ ಕರೆ ಬರುವುದಿಲ್ಲ. ಬೀದಿಯ ಆ ತುದಿಗೆ ಕೇಳಿಸಬೇಕು. ಆ ಉಸಿರು ಮೈಗೆ ಹತ್ತಿಬಿಟ್ಟಿದೆ. ಬಯಲಿನಲ್ಲಿ ಅದು ವಿದ್ಯೆ. 30 ಅಡಿ ಶೆಡ್ಡಿನಲ್ಲಿ ಅದೇ ಉಸಿರು ಪಕ್ಕದವನನ್ನು ಮುಳುಗಿಸುತ್ತದೆ.

ಈಗ ನಿಮಗೆ ಯಾರ‍್ಯಾರೋ ಹೇಳಿದ, ಇನ್ನು ಕೆಲವರು ಹೇಳಬಹುದಾದ ಮಾತುಗಳಿಗೆ ಬರೋಣ.

‘ಏನೂ ಗೊತ್ತು ಮಾಡಿಕೊಳ್ಳದ ಸಂಗೀತಕ್ಕೆ ಅಭ್ಯಾಸ ಯಾಕೆ?’ ಇದು ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ. ನಮಗೆ ಮನೋಧರ್ಮ ಗೊತ್ತು. ಆಲಾಪನೆಯನ್ನು ಯಾರೂ ಬರೆದುಕೊಂಡು ಬರುವುದಿಲ್ಲ. ಆದರೆ ಅಲ್ಲಿ ರಾಗ ಎಂಬ ಬೇಲಿ ಇದೆ. ಬೇಲಿ ಇರುವುದರಿಂದ ದನ ಎಲ್ಲಿ ಹೋದರೂ ತೋಟದೊಳಗೇ ಇರುತ್ತದೆ. ನಿಮಗೆ ಬೇಲಿ ಇಲ್ಲ. ಇರುವುದು ಪಕ್ಕದಲ್ಲಿ ಕೂತವರು ಮಾತ್ರ. ಹಾಗಾಗಿ ಅಭ್ಯಾಸ ಬೇಕಿರುವುದು ಬೆರಳಿಗಿಂತ ಜಾಸ್ತಿ ಕಿವಿಗೆ.

‘ಇದು ಯಾರೂ ಮಾಡದ ಹುಚ್ಚು’ ಅನ್ನುವವರಿಗೆ ಎರಡು ಸಂಗತಿ ಹೇಳಿ. ಅಮೆರಿಕದ ಸ್ಯಾಕ್ಸ್ ವಾದಕ ಆರ್ನೆಟ್ ಕೋಲ್ಮನ್ 1960ರ ಡಿಸೆಂಬರಿನಲ್ಲಿ ಎಂಟು ಜನರನ್ನು ಕೂರಿಸಿ ಸುಮಾರು 37 ನಿಮಿಷ ಒಂದೇ ಸಮನೆ ನುಡಿಸಿ ಮುದ್ರಿಸಿದರು. ಅದರ ಹೆಸರು ‘ಫ್ರೀ ಜಾಝ್’. ಆ ಬಗೆಯ ಸಂಗೀತಕ್ಕೆ ಆಮೇಲೆ ಅದೇ ಹೆಸರು ನಿಂತಿತು. ಆ ಮುದ್ರಣದಲ್ಲಿ ನಿಮಗೆ ಬೇಕಾದ ಒಂದು ಉಪಾಯ ಇದೆ, ಕೆಳಗೆ ಹೇಳುತ್ತೇನೆ. ಇನ್ನೊಬ್ಬರು ಇಂಗ್ಲೆಂಡಿನ ಗಿಟಾರ್ ವಾದಕ ಡೆರೆಕ್ ಬೈಲಿ. 1976ರಲ್ಲಿ ಅವರು ‘ಕಂಪನಿ’ ಎಂಬ ಬಳಗ ಶುರು ಮಾಡಿದರು. ಅದರಲ್ಲಿ ಕಾಯಂ ಸದಸ್ಯರೇ ಇರಲಿಲ್ಲ. ಪ್ರತಿ ಸಲ ಬೇರೆ ಬೇರೆಯವರನ್ನು ಕರೆಯುತ್ತಿದ್ದರು. ಬಂದವರನ್ನೇ ಇಬ್ಬರು, ಮೂವರು, ನಾಲ್ವರಾಗಿ ಒಡೆದು ಕೂರಿಸುತ್ತಿದ್ದರು. ಜನ ಬದಲಾಗುವುದು ಆ ಬಳಗದ ದೋಷ ಆಗಿರಲಿಲ್ಲ, ಅದು ಹುಟ್ಟಿದ್ದೇ ಅದಕ್ಕೆ. ‘ಒಂದು ತಂಡ ಅನ್ನಬಹುದಾ’ ಅಂತ ಕೇಳಿದ್ದಿರಲ್ಲ. ಧಾರಾಳವಾಗಿ ಅನ್ನಬಹುದು.

ಮನೆಯ ಹಿರಿಯರಿಗೆ ಬೈಲಿ, ಕೋಲ್ಮನ್ ಬೇಡ. ಕದ್ರಿ ಗೋಪಾಲನಾಥ್ ಅವರ ಕಥೆ ಸಾಕು. 1949ರಲ್ಲಿ ಬಂಟ್ವಾಳ ತಾಲ್ಲೂಕಿನಲ್ಲಿ ಹುಟ್ಟಿದವರು. ತಂದೆ ನಾಗಸ್ವರದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಮರುಳಾದರು. ಬೆಲ್ಜಿಯಂನಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಆ ವಾದ್ಯದಲ್ಲಿ ಗಮಕ ಬರುತ್ತದೆ ಅಂತ ಯಾರು ನಂಬಿದ್ದರು? ಇವತ್ತು ನಮ್ಮ ಕಡೆಯ ಮದುವೆ ಮಂಟಪದಲ್ಲಿ ನಾಗಸ್ವರದ ಚಾಪೆಯ ಮೇಲೆ ಸ್ಯಾಕ್ಸ್ ಕೂತಿದೆ. ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

‘ಸ್ಟುಡಿಯೊದಲ್ಲಿ ಒಬ್ಬೊಬ್ಬರದ್ದೇ ರೆಕಾರ್ಡ್ ಮಾಡಿ’ ಎಂಬುದು ಸಿನಿಮಾ ಹಾಡಿಗೆ ಸರಿಯಾದ ಸಲಹೆ. ಅಲ್ಲಿ ಹಾಡು ಮೊದಲೇ ಇದೆ, ಒಬ್ಬೊಬ್ಬರು ಬಂದು ತಮ್ಮ ಪಾಲು ಸೇರಿಸುತ್ತಾರೆ. ನಿಮ್ಮಲ್ಲಿ ಹಾಡು ಹುಟ್ಟುವುದೇ ಒಬ್ಬರು ಊದಿದ್ದಕ್ಕೆ ಇನ್ನೊಬ್ಬರು ಮರುಮಾತು ಕೊಟ್ಟಾಗ. ಮೊದಲು ಬಂದವನು ಯಾರಿಗೆ ಮರುಮಾತು ಕೊಡಬೇಕು? ಗೋಡೆಗಾ? ದುಡ್ಡು ಹೋಗುತ್ತದೆ, ಗಡಿಯಾರ ನೋಡುತ್ತಾ ಊದುವುದಾಗುತ್ತದೆ. ಈ ದಾರಿ ನಿಮಗೆ ಬೇಡವೇ ಬೇಡ.

‘ಒಬ್ಬೊಬ್ಬರಿಗೆ ಒಂದೊಂದು ಮೈಕ್’ ಎಂಬುದು ಅಷ್ಟು ಕೆಟ್ಟ ಯೋಚನೆ ಅಲ್ಲ. ಆದರೆ ಇದರಲ್ಲಿ ನಾನೇ ಬಿದ್ದಿದ್ದೇನೆ. ಹತ್ತು ವರ್ಷದ ಹಿಂದೆ ಒಂದು ಬ್ಯಾಂಡ್ ಸೆಟ್‌ನವರಿಗೆ ಸಣ್ಣ ಕೋಣೆಯಲ್ಲಿ ಏಳು ಮೈಕ್ ಇಟ್ಟೆ. ಪ್ರತಿ ಮೈಕಿನಲ್ಲೂ ಟ್ರಂಪೆಟ್ಟೇ. ಕಾರಣ ಸರಳ. ಸದ್ದು ಒಂದು ಅಡಿ ಹೋಗಲು ಸುಮಾರು 1 ಮಿಲಿಸೆಕೆಂಡು ಬೇಕು. ಟ್ರಂಪೆಟ್ಟಿನ ಸದ್ದು ಅದರ ಮೈಕಿಗೆ ಮೊದಲು ಮುಟ್ಟುತ್ತದೆ, ಪಕ್ಕದ ಮೈಕಿಗೆ ಮೂರ‍್ನಾಲ್ಕು ಮಿಲಿಸೆಕೆಂಡು ತಡವಾಗಿ. ಎರಡನ್ನೂ ಕೂಡಿಸಿದರೆ ಕೆಲವು ಸ್ವರಗಳು ಒಂದನ್ನೊಂದು ತಿಂದುಹಾಕುತ್ತವೆ. ಸದ್ದು ಪೈಪಿನೊಳಗಿಂದ ಬಂದ ಹಾಗೆ ಟೊಳ್ಳಾಗುತ್ತದೆ. ಇದನ್ನು ತಪ್ಪಿಸಲು ಒಂದು ಲೆಕ್ಕ ಇದೆ: ವಾದ್ಯಕ್ಕೂ ಅದರ ಮೈಕಿಗೂ ಎಷ್ಟು ದೂರವೋ, ಅದರ ಮೂರು ಪಟ್ಟು ದೂರದಲ್ಲಿ ಪಕ್ಕದ ಮೈಕ್ ಇರಬೇಕು. ನಾನು ಇಟ್ಟ ಕೋಣೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಎರಡು ದಿನ ಮಿಕ್ಸ್ ಮಾಡಿದೆ. ಕೊನೆಗೆ, ಇರಲಿ ಅಂತ ಮೂಲೆಯಲ್ಲಿ ಇಟ್ಟಿದ್ದ ಒಂದು ಜೋಡಿ ಮೈಕಿನದ್ದು ಕೇಳಿಸಿದೆ. ‘ಇದು ಚೆನ್ನಾಗಿದೆಯಲ್ಲ ಸಾರ್’ ಅಂದರು. ಏಳು ಮೈಕಿನ ಬಾಡಿಗೆ ನನ್ನ ಕೈಯಿಂದ ಹೋಯಿತು.

ನಿಮ್ಮಲ್ಲಿ ವಾರಕ್ಕೊಂದು ಸಂಖ್ಯೆ. ಇವತ್ತು ಐದು ಮೈಕ್, ಮುಂದಿನ ವಾರ ಒಂಬತ್ತು. ಅದನ್ನು ನೋಡಿಕೊಳ್ಳಲು ಊದದ ಒಬ್ಬ ಮನುಷ್ಯ ಬೇಕು. ಇದ್ದಾರಾ? ಇಲ್ಲದಿದ್ದರೆ ಈ ಆಸೆಯನ್ನು ಸದ್ಯಕ್ಕೆ ಬಿಡಿ.

ನನ್ನ ಸಲಹೆ ಇದು. ಎರಡು ಮೈಕ್ ಜೊತೆಗೇ ಇರುವ, ಕೈಯಲ್ಲಿ ಹಿಡಿಯುವ ರೆಕಾರ್ಡರ್ ಒಂದು ತಗೊಳ್ಳಿ. ಜೂಮ್, ಟ್ಯಾಸ್ಕ್ಯಾಮ್ ಕಂಪನಿಗಳವು ಸಿಗುತ್ತವೆ. ಜೊತೆಗೆ ಎತ್ತರದ ಗಟ್ಟಿ ಸ್ಟ್ಯಾಂಡ್, ಕಿವಿ ಪೂರ್ತಿ ಮುಚ್ಚುವ ಒಂದು ಹೆಡ್‌ಫೋನ್. ಎಲ್ಲ ಸೇರಿ 40 ಸಾವಿರದೊಳಗೆ ಆರಾಮಾಗಿ ಬರುತ್ತದೆ. ಉಳಿದದ್ದು ಇಟ್ಟುಕೊಳ್ಳಿ. ರೆಕಾರ್ಡರಿನ ಸೆಟ್ಟಿಂಗಿನಲ್ಲಿ 24 ಬಿಟ್, 48 ಕಿಲೋಹರ್ಟ್ಸ್ ಆರಿಸಿ ಮುದ್ರಿಸಿ. ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ತಾನೇ ಏರಿಳಿಸುವ ಆಯ್ಕೆ ಇದ್ದರೆ ಆಫ್ ಮಾಡಿ. ಎಲ್ಲರೂ ಸೇರಿ ತುಂಬ ಜೋರಾಗಿ ಊದಿದಾಗ ಸದ್ದಿನ ಮಟ್ಟ ತೋರಿಸುವ ಮೀಟರ್ ಮೈನಸ್ 12 ಡೆಸಿಬಲ್ಲಿನ ಆಸುಪಾಸು ನಿಲ್ಲಬೇಕು. ಕಡಿಮೆ ಆಯಿತು ಅನ್ನಿಸುತ್ತದೆ. ಅನ್ನಿಸಲಿ. ಆಮೇಲೆ ಏರಿಸಬಹುದು, ಹರಿದದ್ದನ್ನು ಸರಿ ಮಾಡಲಾಗದು. ಈಗ 32 ಬಿಟ್ ಫ್ಲೋಟ್ ಅಂತ ಒಂದು ಮುದ್ರಣದ ಬಗೆ ಬಂದಿದೆ, ಲೆವೆಲ್ ಹೊಂದಿಸುವುದೇ ಬೇಡ ಅನ್ನುತ್ತಾರೆ. ಅದು ಯಂತ್ರದ ಒಳಗಿನ ಲೆಕ್ಕಕ್ಕೆ ನಿಜ. ಟ್ರಂಪೆಟ್ಟಿನ ಜೋರಿಗೆ ಮೈಕೇ ತಡೆಯಲಾರದೆ ಸದ್ದು ಹರಿದರೆ ಅದೂ ಕಾಪಾಡುವುದಿಲ್ಲ.

ಈ ದಾರಿಯಲ್ಲೂ ಅಪಾಯ ಇದೆ. ಎರಡೇ ಮೈಕ್ ಇದ್ದಾಗ ಆಮೇಲೆ ಯಾರನ್ನೂ ಏರಿಸಲು, ಇಳಿಸಲು ಆಗುವುದಿಲ್ಲ. ಮಿಕ್ಸಿಂಗ್ ಆಗಬೇಕಿರುವುದು ಊದುವ ಮುಂಚೆ, ಕುರ್ಚಿಯಿಂದ. ಆದ್ದರಿಂದ ಈ ಭಾಗ ಸ್ವಲ್ಪ ಉದ್ದ ಬರೆಯುತ್ತೇನೆ.

ರೆಕಾರ್ಡರನ್ನು ಏಳು ಅಡಿ ಎತ್ತರದಲ್ಲಿ ಇಟ್ಟು, ಸ್ವಲ್ಪ ಕೆಳಮುಖ ಮಾಡಿ. ಅದರ ಮುಂದೆ ಅರ್ಧಚಂದ್ರದ ಹಾಗೆ ಕೂರಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ಶೆಡ್ಡಿನೊಳಗೆ ಗೋಡೆ ವಾಪಸ್ ಕಳಿಸುವುದರಿಂದ ಅಷ್ಟು ಇಳಿಯದು, ಆದರೂ ಇಳಿಯುತ್ತದೆ. ಇದೇ ನಿಮ್ಮ ವಾಲ್ಯೂಮ್ ಗುಂಡಿ. ಕ್ಲಾರಿನೆಟ್ ಆರು ಅಡಿಗೆ ಬರಲಿ. ಸ್ಯಾಕ್ಸ್ ಎಂಟು ಅಡಿ. ನಾಗಸ್ವರ 12 ಅಡಿ, ಟ್ರಂಪೆಟ್ 15. ಟ್ರಂಪೆಟ್ಟಿನ ತೀಕ್ಷ್ಣ ಸದ್ದೆಲ್ಲ ಬಾಯಿಯ ನೇರಕ್ಕೆ, ಟಾರ್ಚ್ ಬೆಳಕಿನ ಹಾಗೆ ಹೋಗುತ್ತದೆ. ಸ್ವಲ್ಪ ಓರೆಯಾಗಿ ಕೂತರೆ ಅರ್ಧ ಸಮಸ್ಯೆ ಮುಗಿಯಿತು. ಸ್ಯಾಕ್ಸ್ ಹಾಗಲ್ಲ. ಅದರ ಸದ್ದು ಬಾಯಿಯಿಂದ ಮಾತ್ರವಲ್ಲ, ತೆರೆದ ತೂತುಗಳಿಂದಲೂ ಬರುತ್ತದೆ. ಅದಕ್ಕೇ ಸ್ಯಾಕ್ಸಿನ ಬಾಯಿಯೊಳಗೆ ಮೈಕ್ ತುರುಕಿದರೆ ಕೆಳಗಿನ ಎರಡು ಮೂರು ಸ್ವರ ಗುಂಯ್ ಅನ್ನುತ್ತವೆ, ಉಳಿದವು ಬಡಕಲಾಗುತ್ತವೆ. ಮದುವೆ ಮನೆಯ ಮೈಕ್ ಸೆಟ್‌ನವರು ದಿನಾ ಮಾಡುವ ತಪ್ಪು ಅದು.

ಒಂದೇ ಥರದ ಎರಡು ವಾದ್ಯವನ್ನು ಪಕ್ಕಪಕ್ಕ ಕೂರಿಸಬೇಡಿ. ನಿಮ್ಮ ಇಬ್ಬರು ಆಲ್ಟೊ ಸ್ಯಾಕ್ಸ್‌ನವರು ಒಬ್ಬರು ಎಡತುದಿ, ಒಬ್ಬರು ಬಲತುದಿ. ಕೋಲ್ಮನ್ ಅವರ ಮುದ್ರಣದ ಉಪಾಯ ಇದೇ. ಎಂಟು ಜನರನ್ನು ನಾಲ್ಕು ನಾಲ್ಕಾಗಿ ಒಡೆದು ಒಂದು ಗುಂಪನ್ನು ಎಡ ಸ್ಪೀಕರಿಗೆ, ಇನ್ನೊಂದನ್ನು ಬಲಕ್ಕೆ ಕೊಟ್ಟರು. ಆ ಎಂಟರಲ್ಲಿ ನಾಲ್ವರು ಊದುವವರಿದ್ದರೂ ಯಾರು ಯಾರೆಂದು ಕಿವಿ ಹಿಡಿಯಬಲ್ಲದು.

ಗೋಡೆಗೆ ದುಬಾರಿ ಫೋಮ್ ಬೇಡ. ಟ್ರಂಪೆಟ್ ಮುಖ ಮಾಡಿದ ಕಡೆ ಹುಲ್ಲಿನ ಹೊರೆ ಪೇರಿಸಿ. ಹಳೆಯ ಹತ್ತಿಯ ಹಾಸಿಗೆ ಇದ್ದರೆ ಇನ್ನೂ ಒಳ್ಳೆಯದು. ನೆಲಕ್ಕೆ ಕಂಬಳಿ ಹಾಸಿ. ಮೊಟ್ಟೆಯ ಟ್ರೇ ಅಂಟಿಸಲು ಹೋಗಬೇಡಿ, ಅದು ಇಲಿಗೆ ಮನೆ ಅಷ್ಟೇ.

ಎರಡು ನಿಮಿಷ ಊದಿ, ನಿಲ್ಲಿಸಿ, ಹೆಡ್‌ಫೋನಿನಲ್ಲಿ ಕೇಳಿ. ಯಾರು ಜಾಸ್ತಿ ಅನ್ನಿಸಿದರೋ ಅವರ ಕುರ್ಚಿ ಎರಡು ಅಡಿ ಹಿಂದಕ್ಕೆ. ರೆಕಾರ್ಡರ್ ಮುಟ್ಟಬೇಡಿ. ಮತ್ತೆ ಎರಡು ನಿಮಿಷ. ನಾಲ್ಕೈದು ಸಲ ಹೀಗೆ ಆದ ಮೇಲೆ ಕುರ್ಚಿಯ ಕಾಲು ಇರುವ ಜಾಗಕ್ಕೆ ಸುಣ್ಣದಲ್ಲಿ ಗುರುತು ಹಾಕಿ. ಮುಂದಿನ ವಾರ ಬೇರೆಯವರು ಬಂದರೂ ಗುರುತು ಇರುತ್ತದೆ. ಯಾವ ವಾರದ ಮುದ್ರಣ ಆದರೂ ಅದೇ ಕೋಣೆ, ಅದೇ ದೂರ. ಬೇರೆ ಬೇರೆ ಜನರನ್ನು ಒಂದು ಆಲ್ಬಮ್ ಆಗಿ ಹಿಡಿದಿಡುವುದು ಈ ಸುಣ್ಣದ ಗುರುತೇ.

ಇಷ್ಟೆಲ್ಲ ಮಾಡಿದರೂ ಒಂಬತ್ತು ಜನ ಒಂದೇ ಸಮನೆ 20 ನಿಮಿಷ ಊದಿದರೆ ನಾನು ಕೂಡ ಎದ್ದು ಹೋಗುತ್ತೇನೆ. ಬೈಲಿಯವರ ಹಾಗೆ ಒಡೆಯಿರಿ. 14 ಜನರಲ್ಲಿ ಇಬ್ಬಿಬ್ಬರ ಜೋಡಿ ಎಷ್ಟಾಗುತ್ತವೆ ಗೊತ್ತಾ? 91. ಮೂವರದ್ದು 364. ವಾರಕ್ಕೆ ಮೂರು ಚೀಟಿ ಎತ್ತಿದರೂ ವರ್ಷಗಟ್ಟಲೆ ಮುಗಿಯುವುದಿಲ್ಲ. ಬಂದವರ ಹೆಸರು ಡಬ್ಬಿಗೆ ಹಾಕಿ, ಮೊದಲು ಒಂದು ಜೋಡಿ, ಆಮೇಲೆ ಮೂವರು. ಎಲ್ಲರೂ ಸೇರಿ ಕೊನೆಗೆ ಒಂದೇ ಸಲ.

ಕಿವಿ ಸಾಧನೆಗೆ ಎರಡು ಆಟ ಹೇಳುತ್ತೇನೆ. ಲಂಡನ್ನಿನ ಡ್ರಮ್ಮರ್ ಜಾನ್ ಸ್ಟೀವನ್ಸ್ ಹೊಸಬರಿಗೆ ಇಂಥವನ್ನು ಆಡಿಸುತ್ತಿದ್ದರು. ಮೊದಲನೆಯದು, ಒಂದು ಉಸಿರಿಗೆ ಒಂದೇ ಸ್ವರ, ಆದಷ್ಟು ಉದ್ದ, ಆದಷ್ಟು ಮೆತ್ತಗೆ. ಉಸಿರು ಮುಗಿದರೆ ಸುಮ್ನೆ ಇರಿ, ಬೇಕಾದಾಗ ಮತ್ತೆ ಬನ್ನಿ. ಎರಡನೆಯದು ಅದರ ಉಲ್ಟಾ. ಆದಷ್ಟು ಚಿಕ್ಕ ಸ್ವರ, ಟಿಕ್ ಅಂತ. ಹನಿ ತೊಟ್ಟಿಕ್ಕಿದ ಹಾಗೆ. ತಲಾ ಹತ್ತು ನಿಮಿಷ. ಅವರ ಬಳಗದಲ್ಲಿ ಇನ್ನೊಂದು ಮಾತಿತ್ತು: ಪಕ್ಕದವನು ಕೇಳಿಸದಿದ್ದರೆ ನೀನು ಜೋರಾಗಿದ್ದೀಯ. ದಿಬ್ಬಣದ ಉಸಿರು ಇಳಿಯಲು ಮೂರ‍್ನಾಲ್ಕು ಭಾನುವಾರ ಬೇಕಾದೀತು. ಟ್ರಂಪೆಟ್‌ನವರಿಗೆ ಬೇಜಾರಾಗುತ್ತದೆ. ಟ್ರಂಪೆಟ್ಟಿನ ಬಾಯಿಗೆ ಸಿಕ್ಕಿಸಿ ಸದ್ದು ತಗ್ಗಿಸುವ ಒಂದು ಮ್ಯೂಟ್ ಕೊಡಿಸಿ, ಅದರ ಸದ್ದು ಹೊಸ ಆಟಿಕೆ ಸಿಕ್ಕ ಹಾಗಿರುತ್ತದೆ.

ಶ್ರುತಿಯ ವಿಷಯಕ್ಕೆ ಬನ್ನಿ. ಟ್ರಂಪೆಟ್‌ನವರು ತಮ್ಮ ‘ಸಿ’ ಊದಿದರೆ ಬರುವುದು ಬಿ ಫ್ಲ್ಯಾಟ್. ನೀವು ಆಲ್ಟೊದಲ್ಲಿ ‘ಸಿ’ ಊದಿದರೆ ಇ ಫ್ಲ್ಯಾಟ್. ಇದು ವಾದ್ಯದ ಜಾತಕ, ತಪ್ಪಲ್ಲ. ನಾಗಸ್ವರ ತನ್ನ ಉದ್ದಕ್ಕೆ ತಕ್ಕ ಶ್ರುತಿಯಲ್ಲಿ ಇರುತ್ತದೆ. ಯಕ್ಷಗಾನದ ಭಾಗವತರು ‘ಬಿಳಿ ನಾಲ್ಕು’, ‘ಕಪ್ಪು ಮೂರು’ ಅನ್ನುವ ಹಾಗೆ ನಿಮ್ಮ ನಾಗಸ್ವರ ಯಾವ ಮನೆಯದ್ದು ಅಂತ ಒಮ್ಮೆ ಹಾರ್ಮೋನಿಯಂ ಹಿಡಿದು ನೋಡಿ, ಎಲ್ಲರೂ ತಿಳಿದಿಟ್ಟುಕೊಳ್ಳಿ. ಇನ್ನು ಚಳಿ. ಗಾಳಿ ಬೆಚ್ಚಗಾದಷ್ಟೂ ಊದುವಾದ್ಯದ ಶ್ರುತಿ ಏರುತ್ತದೆ, ಒಂದು ಡಿಗ್ರಿಗೆ ಸುಮಾರು 3 ಸೆಂಟ್. ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ನಡುವೆ ಇರುವುದು 100 ಸೆಂಟ್. ಡಿಸೆಂಬರಿನ ಬೆಳಗ್ಗೆಗೂ ಅದೇ ದಿನ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸ ಆದರೆ 30 ಸೆಂಟ್ ಹೋಯಿತು. ಹಾಗಾಗಿ ಹತ್ತು ನಿಮಿಷ ಊದಿ ವಾದ್ಯ ಬೆಚ್ಚಗಾದ ಮೇಲೆ ಮುದ್ರಣ ಶುರು ಮಾಡಿ.

ಅಷ್ಟಾದ ಮೇಲೂ ಕೂಡದಿದ್ದರೆ ಬಿಟ್ಟುಬಿಡಿ. 440 ಹರ್ಟ್ಸಿನ ಸ್ವರದ ಪಕ್ಕ 443ರದ್ದು ಊದಿದರೆ ಸೆಕೆಂಡಿಗೆ ಮೂರು ಸಲ ಅಲೆ ಎದ್ದ ಹಾಗೆ ಸದ್ದು ತೂಗುತ್ತದೆ. ಕಛೇರಿಯಲ್ಲಿ ಇದು ಅಪಶ್ರುತಿ. ನಿಮ್ಮಲ್ಲಿ ಇದೇ ಒಂದು ಬಣ್ಣ. ಒಂದು ಷರತ್ತು: ಅದು ಗೊತ್ತಿದ್ದು ಮಾಡಿದ್ದಾಗಿರಬೇಕು. ಆ 40 ಸೆಕೆಂಡಿನಲ್ಲಿ ಕ್ಲಾರಿನೆಟ್ಟಿಗೂ ಸ್ಯಾಕ್ಸಿಗೂ ನಡುವೆ ತೂಗುತ್ತಿರುವುದು ಇದೇ ಅಲೆ.

ಮಳೆ. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಸುರಿಯುವ ಆಗುಂಬೆ ಇರುವುದು ನಿಮ್ಮ ತಾಲ್ಲೂಕಿನಲ್ಲೇ. ತಗಡಿನ ಮೇಲೆ ಬಿದ್ದ ಮಳೆಯನ್ನು ಯಾವ ಸಾಫ್ಟ್‌ವೇರೂ ಚೆನ್ನಾಗಿ ತೆಗೆಯುವುದಿಲ್ಲ. ಮಳೆಯ ಸದ್ದು ಕೆಳಗಿನಿಂದ ಮೇಲಿನವರೆಗೆ ಎಲ್ಲ ಕಡೆ ಹರಡಿರುತ್ತದೆ, ನಿಮ್ಮ ವಾದ್ಯವೂ ಅಲ್ಲೇ ಇರುತ್ತದೆ. ತೆಗೆಯಲು ಹೋದರೆ ಸ್ಯಾಕ್ಸ್ ನೀರೊಳಗೆ ಕೂತು ಊದಿದ ಹಾಗಾಗುತ್ತದೆ. ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತದೆ. ಮಳೆಗಾಲದಲ್ಲಿ ಶೆಡ್ ಖಾಲಿ, ಆದರೆ ಸದ್ದು. ಮಳೆ ನಿಂತ ಮೇಲೆ ಕೊಯ್ಲು ಶುರು, ಶೆಡ್ಡಿನಲ್ಲಿ ಅಡಿಕೆಯೂ ಸುಲಿಯುವವರೂ ತುಂಬಿರುತ್ತಾರೆ. ಆದ್ದರಿಂದ ಮಳೆಗಾಲವನ್ನು ಅಭ್ಯಾಸಕ್ಕೆ ಇಡಿ, ಹಂಚಿನ ಮನೆಯ ಜಗುಲಿಯಲ್ಲಿ ಸೇರಿ. ಹಂಚಿನ ಮೇಲೆ ಮಳೆ ಅಷ್ಟು ಕಿರುಚುವುದಿಲ್ಲ. ಕೊಯ್ಲು ಮುಗಿದು ಶೆಡ್ ಖಾಲಿಯಾದ ಮೇಲೆ, ಫೆಬ್ರವರಿ ಕೊನೆಯಿಂದ ಮೊದಲ ಮಳೆಯವರೆಗೆ ಮುದ್ರಣ. ಸಂಜೆಯಾದರೆ ಜೀರುಂಡೆ ಇರುತ್ತದೆ. ಇರಲಿ ಬಿಡಿ. ಅದು ಒಂದೇ ಸಮನೆ ಇರುವ ಸದ್ದು, ಕಿವಿ ಒಗ್ಗಿಕೊಳ್ಳುತ್ತದೆ. ರೆಕಾರ್ಡರನ್ನು ಬ್ಯಾಟರಿಯಲ್ಲೇ ಓಡಿಸಿ. ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಹೇಳಬೇಕಾಗಿಲ್ಲ.

ಮಳೆಗಾಲದ ಇನ್ನೊಂದು ಕಾಟ ಬೂಷ್ಟು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಸ್ಯಾಕ್ಸಿನ ಪ್ಯಾಡ್ ಮೇಲೆ, ರೀಡ್ ಮೇಲೆ ಬಿಳಿ ಪುಡಿ ಕೂರುತ್ತದಲ್ಲ. ನಾನು ಡಾಕ್ಟರಲ್ಲ. ಆದರೆ 2016ರಲ್ಲಿ ಬ್ರಿಟನ್ನಿನ ವೈದ್ಯರು ಬ್ಯಾಗ್‌ಪೈಪ್ ಊದುತ್ತಿದ್ದ ಒಬ್ಬರ ಸಾವಿನ ಬಗ್ಗೆ ಬರೆದಿದ್ದರು. ವಾದ್ಯದೊಳಗಿನ ಬೂಷ್ಟನ್ನು ವರ್ಷಗಟ್ಟಲೆ ಉಸಿರಾಡಿದ್ದೇ ಶ್ವಾಸಕೋಶದ ಕಾಯಿಲೆಗೆ ಕಾರಣ ಇರಬೇಕು ಎಂದು ಅವರ ಅಂದಾಜು. ಹೆದರಬೇಡಿ, ಆದರೆ ಊದಿದ ಮೇಲೆ ಬಟ್ಟೆ ಎಳೆದು ಒರೆಸಿ, ಮೌತ್‌ಪೀಸ್ ತೊಳೆದು ಒಣಗಿಸಿ ಇಡಿ. ಒಬ್ಬರದ್ದು ಒಬ್ಬರು ಊದಬೇಡಿ. ಪೆಟ್ಟಿಗೆಗೆ ಸಿಲಿಕಾ ಜೆಲ್ ಹಾಕಿ, ರೆಕಾರ್ಡರಿನ ಡಬ್ಬಿಗೂ.

ಕಿವಿಯ ಮಾತು ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಕೆಲಸದ ಜಾಗದ ಸದ್ದಿಗೆ ಅಮೆರಿಕದ ತಜ್ಞರು ಹಾಕಿದ ಒಂದು ಲೆಕ್ಕ ಇದೆ. 85 ಡೆಸಿಬಲ್ಲಿನಲ್ಲಿ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬಲ್ ಏರಿದರೆ ಸಮಯ ಅರ್ಧ. 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. ತಗಡಿನ ಶೆಡ್ಡಿನಲ್ಲಿ ಒಂಬತ್ತು ಜನ ಊದಿದರೆ 94 ದಾಟುವುದು ಏನೂ ಕಷ್ಟವಲ್ಲ. ಮನೆಗೆ ಹೋದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ಅಂದು ಜಾಸ್ತಿ ಆಯಿತು ಅಂತ ಅರ್ಥ. ಟ್ರಂಪೆಟ್ಟಿನ ಮುಂದೆ ಕೂರುವವರಿಗೆ ಇಯರ್‌ಪ್ಲಗ್ ಕೊಡಿ.

ಹಕ್ಕಿನ ಬಗ್ಗೆ ಚುಟುಕಾಗಿ. ವಕೀಲರನ್ನು ಒಮ್ಮೆ ಕೇಳಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಮುದ್ರಣದ ಹಕ್ಕು ಮುದ್ರಣ ಮಾಡಿಸಿದವರದ್ದು, 60 ವರ್ಷ. ಊದಿದ ಪ್ರತಿಯೊಬ್ಬರಿಗೂ ಕಲಾವಿದರ ಹಕ್ಕು ಬೇರೆಯೇ ಇದೆ, 50 ವರ್ಷ. ಜಗಳ ಬರುವುದು ದುಡ್ಡು ಬಂದಾಗ ಅಲ್ಲ, ಹೆಸರು ಬಿಟ್ಟುಹೋದಾಗ. ಒಂದು ನೋಟ್‌ಬುಕ್ ಇಡಿ. ಪ್ರತಿ ಮುದ್ರಣದ ಮೊದಲು ತಾರೀಖು, ಕೂತವರ ಹೆಸರು, ಎಡದಿಂದ ಬಲಕ್ಕೆ, ಬರೆದು ಎಲ್ಲರ ಸಹಿ ಹಾಕಿಸಿ. ಅದನ್ನೇ ಜೋರಾಗಿ ಓದಿ ಮುದ್ರಣಕ್ಕೂ ಸೇರಿಸಿ. ‘ಇದನ್ನು ಎಲ್ಲರೂ ಸೇರಿ ಹೊರಡಿಸಲು ನನ್ನ ಒಪ್ಪಿಗೆ ಇದೆ’ ಅಂತ 14 ಜನರಿಂದಲೂ ಒಂದು ಸಾಲು ಬರೆಸಿಕೊಳ್ಳಿ. ಬಂದ ದುಡ್ಡು ಆ ತುಣುಕಿನಲ್ಲಿ ಊದಿದವರಿಗೆ ಸಮಪಾಲು. ಊದುತ್ತಾ ಊದುತ್ತಾ ಯಾರಾದರೂ ಸಿನಿಮಾ ಹಾಡಿನ ಸಾಲಿಗೆ ಜಾರಿದರೆ ಆ ತುಣುಕನ್ನು ಆಲ್ಬಮ್ಮಿಗೆ ಹಾಕಬೇಡಿ. ಬ್ಯಾಂಡ್‌ನವರ ಬೆರಳು ತಾನಾಗಿಯೇ ಅಲ್ಲಿಗೆ ಓಡುತ್ತದೆ, ಅಲ್ವಾ?

ಕೊನೆಗೆ ಕೊಂಬಿನವರು. ಅವರನ್ನು ಶೆಡ್ಡಿನೊಳಗೆ ಕೂರಿಸಲೇಬೇಡಿ. ಅಂಗಳದಲ್ಲಿ ನಿಲ್ಲಿಸಿ, ಮೈಕಿನಿಂದ 30 ಅಡಿ ದೂರ, ಬಾಗಿಲು ತೆರೆದಿಡಿ. ಅವರ ಸದ್ದು ಸುಮಾರು 26 ಮಿಲಿಸೆಕೆಂಡು ತಡವಾಗಿ ಬರುತ್ತದೆ. ತಾಳ ಇಲ್ಲದ್ದರಿಂದ ತೊಂದರೆ ಇಲ್ಲ. ಗುಡ್ಡದ ಆ ಕಡೆಯಿಂದ ಯಾರೋ ಕರೆದ ಹಾಗೆ ಕೇಳಿಸುತ್ತದೆ. ಅವರಿಗೆ ಒಳಗಿನದ್ದು ಪೂರ್ತಿ ಕೇಳಿಸುವುದಿಲ್ಲ. ಆದ್ದರಿಂದ ಸುಮ್ನೆ ಊದುತ್ತಾ ಇರಬೇಡಿ, ಒಳಗೆ ಸದ್ದು ನಿಂತಾಗ ಮಾತ್ರ ಬನ್ನಿ ಅಂತ ಹೇಳಿ.

ಹೊಸ ಮುದ್ರಣ ಆದ ಮೇಲೆ ನನಗೆ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಆಡಿಯೊ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲದಿದ್ದರೆ ಅದು ಹಿಂಡಿ ಚಪ್ಪಟೆ ಮಾಡಿಬಿಡುತ್ತದೆ. ಊದುವ ಮುಂಚೆ ಒಂದು ನಿಮಿಷ ಎಲ್ಲರೂ ಸುಮ್ನೆ ಕೂತದ್ದೂ ಅದರಲ್ಲಿ ಇರಲಿ. ಅದನ್ನು ಕತ್ತರಿಸಬೇಡಿ.